ಹೋಲಿಸಲು ಮಾದರಿ ಇಲ್ಲದ ಚೀಲ

ಹೊಸ ಸಾಮಾನನ್ನು ಹರಿದು, ಒಡೆದು, ನೆನೆಸಿ, ಸುಟ್ಟು ನೋಡುವುದಕ್ಕೆ ಸರ್ಕಾರ ನನಗೆ ಸಂಬಳ ಕೊಡುತ್ತಿತ್ತು. ಮದುವೆಯಾದ ಹೊಸದರಲ್ಲಿ ಮಾವನವರು, "ಅಲ್ಲಪ್ಪ, ನೀನು ಅಲ್ಲಿ ನಿಜವಾಗಿ ಮಾಡೋದೇನು?" ಎಂದು ಕೇಳಿದಾಗ ಹೀಗೆಯೇ ಹೇಳಿದೆ. ಅವರು ಸ್ವಲ್ಪ ಹೊತ್ತು ಮಗಳ ಮುಖ ನೋಡಿದರು. ಧಾರೆ ಎರೆದು ಆಗಿತ್ತು, ಏನೂ ಮಾಡುವಂತಿರಲಿಲ್ಲ.

ಅರವತ್ತರ ದಶಕದ ಮೊದಲಲ್ಲಿ ದಾವಣಗೆರೆಯಿಂದ ಅಹಮದಾಬಾದಿಗೆ ಹೋದವನು ನಾನು. ಹತ್ತಿ ಗಿರಣಿಯ ಪಕ್ಕದ ವಠಾರದಲ್ಲಿ ಬೆಳೆದದ್ದರಿಂದ ಆ ಊರಿನ ಗಾಳಿ ಹೊಸದೆನಿಸಲಿಲ್ಲ. ಕೆಲಸ ಕೇಂದ್ರ ಸರ್ಕಾರದ ಒಂದು ತಪಾಸಣೆ ಕಚೇರಿಯಲ್ಲಿ. ಕಾಡು ಅಳೆಯುವವರು, ರಸ್ತೆ ಹಾಕಿಸುವವರು, ಮರುಭೂಮಿಯಲ್ಲಿ ಯಂತ್ರ ನೆಟ್ಟು ಆಕಾಶ ನೋಡುವವರು, ಇವರಿಗೆಲ್ಲ ಬೇಕಾದ ಡೇರೆ, ಕಂಬಳಿ, ಬೆನ್ನುಚೀಲ, ನೀರಿನ ಬಾಟಲಿ, ಲಾಂದ್ರ, ಸ್ಟೌಗಳನ್ನು ಸರ್ಕಾರ ಕೊಳ್ಳುವ ಮುನ್ನ ನಾವು ನೋಡಿ 'ಪಾಸ್' ಅನ್ನಬೇಕು, ಇಲ್ಲವೇ ವಾಪಸು ಕಳಿಸಬೇಕು. ನಾನು ಹೆಚ್ಚಾಗಿ ವಾಪಸು ಕಳಿಸುತ್ತಿದ್ದೆ. ಬಡ್ತಿಗಳ ವಿಚಾರ ಇಲ್ಲಿ ಬರೆಯುವುದಿಲ್ಲ. ಅವು ತಡವಾಗಿ ಬಂದವು; ಬಂದ ಮೇಲೆ ಕುರ್ಚಿಗೆ ಕೈಗಳು ಬಂದವು, ಅಷ್ಟೇ.

ಈಗ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಆಗಾಗ ಮನೆಗೆ ಬಂದು, "ಸರ್, ನಿಮ್ಮ ಕಾಲದಲ್ಲಿ ಯಂತ್ರ ಇಲ್ಲದೆ ಹೇಗೆ ಪರೀಕ್ಷೆ ಮಾಡ್ತಿದ್ರಿ?" ಎಂದು ಕೇಳುತ್ತಾರೆ. ಯಂತ್ರ ಆಮೇಲೆ ಬಂತು. ಎಷ್ಟು ಭಾರಕ್ಕೆ ಹರಿಯಿತು ಎಂದು ಅದರ ಮುಳ್ಳು ಪ್ರಾಮಾಣಿಕವಾಗಿ ತೋರಿಸುತ್ತದೆ. ಎಲ್ಲಿ ಹರಿಯಿತು, ಯಾಕೆ ಅಲ್ಲಿಯೇ ಹರಿಯಿತು ಎಂದು ತಿಳಿಯಲು ಈಗಲೂ ಮನುಷ್ಯ ಬಗ್ಗಿಯೇ ನೋಡಬೇಕು. ಬಗ್ಗುವುದನ್ನು ನನಗೆ ಕಲಿಸಿದವರು ನಮ್ಮ ಮೇಲಧಿಕಾರಿ ಮಿಸ್ತ್ರಿ ಸಾಹೇಬರು.

ಮಿಸ್ತ್ರಿ ಸಾಹೇಬರು ಪಾರ್ಸಿ. ಇಸ್ತ್ರಿ ಕೆಡದ ಬಿಳಿ ಪ್ಯಾಂಟು, ಬಾಯಲ್ಲಿ ಏಲಕ್ಕಿ, ಸೊಂಟದಲ್ಲಿ ಒಂದು ಬೀಗದಕೈ. ಕೈಕೆಳಗಿನವರನ್ನೆಲ್ಲ 'ದೀಕ್ರಾ' ಎನ್ನುತ್ತಿದ್ದರು. ಅಂದರೆ ಮಗನೇ ಎಂದು. ಬೈಯುವಾಗಲೂ ಅದೇ ಪದ. ಧ್ವನಿ ಮಾತ್ರ ಬೇರೆ. ನಾನು ಹೋದ ಮೊದಲ ದಿನವೇ ಒಂದು ಬೆನ್ನುಚೀಲ ಕೈಗಿಟ್ಟು, "ಹೇಗಿದೆ ಹೇಳು" ಎಂದರು. ಬಕಲುಗಳ ಹೊಳಪನ್ನೂ ಬಟ್ಟೆಯ ಬಿಗಿಯನ್ನೂ ಕುರಿತು ನಾನು ಒಂದು ಸಣ್ಣ ಭಾಷಣ ಮಾಡಿದೆ. ಅವರು ಕೊನೆಯವರೆಗೂ ಮರ್ಯಾದೆಯಿಂದ ಕೇಳಿ, ಚೀಲವನ್ನು ಕೋಳಿಯ ಚರ್ಮ ಸುಲಿದಂತೆ ಒಳಹೊರಗು ಮಾಡಿ ಮೇಜಿನ ಮೇಲೆ ಹಾಕಿದರು. ಒಳಗೆ ದಾರದ ತುದಿಗಳು ಗಡ್ಡದಂತೆ ಜೋತಾಡುತ್ತಿದ್ದವು.

"ಹೊರಗಡೆ ಹೊಲಿಯುವಾಗ ದರ್ಜಿಗೆ ಗಿರಾಕಿಯ ನೆನಪು. ಒಳಗಡೆ ಹೊಲಿಯುವಾಗ ಮನೆಗೆ ಹೋಗುವ ನೆನಪು. ನೀನು ಒಳಗಡೆ ನೋಡು, ದೀಕ್ರಾ."

ಸೇವೆಯ ಉದ್ದಕ್ಕೂ ನಾನು ಬಳಸಿದ ವಿದ್ಯೆಯಲ್ಲಿ ಮುಕ್ಕಾಲು ಪಾಲು ಆ ಮಾತಿನಲ್ಲಿತ್ತು. ಉಳಿದ ಕಾಲು ಪಾಲು ಇಷ್ಟು: ಎರಡು ವಸ್ತುಗಳು ಕೂಡುವ ಜಾಗವನ್ನು ನಂಬಬೇಡಿ. ಬಟ್ಟೆ ಹರಿಯುವುದಿಲ್ಲ, ಬಟ್ಟೆಗೆ ಪಟ್ಟಿ ಸೇರುವಲ್ಲಿ ಹರಿಯುತ್ತದೆ. ಬಾಟಲಿ ಸೋರುವುದಿಲ್ಲ, ಮುಚ್ಚಳ ಸೋರುತ್ತದೆ. ಲಾಂದ್ರದ ಗಾಜು ತಾನಾಗಿ ಒಡೆಯುವುದಿಲ್ಲ, ಗಾಜನ್ನು ಹಿಡಿದ ತಂತಿ ಬಿಸಿಗೆ ಹಿಗ್ಗಿದಾಗ ಒಡೆಯುತ್ತದೆ. ಕೆಟ್ಟರೆ ಊರಿನ ಯಾವನಾದರೂ ರಿಪೇರಿ ಮಾಡಬಲ್ಲನೇ ಎಂದು ಕೇಳಿ. ಆಗುವುದಿಲ್ಲ ಎಂದರೆ ಅದನ್ನು ಸಾಮಾನೆನ್ನಬೇಡಿ, ಅತಿಥಿ ಎನ್ನಿ. ಒಂದು ದಿನ ಹೊರಟುಹೋಗುತ್ತದೆ.

ಆ ಬೀಗದಕೈ ಕಚೇರಿಯ ಕಬ್ಬಿಣದ ಬೀರುವಿನದು. ಅದು ನಮ್ಮ ಗರ್ಭಗುಡಿ. ಒಳಗಿದ್ದ ದೇವರುಗಳ ಹೆಸರು 'ಮೊಹರು ಹಾಕಿದ ಮಾದರಿ'. ಯಾವುದೇ ಸಾಮಾನಿನಲ್ಲಿ ಒಳ್ಳೆಯದೊಂದನ್ನು ಆರಿಸಿ, ದಾರ ಕಟ್ಟಿ, ಗಂಟಿನ ಮೇಲೆ ಅರಗು ಸುರಿದು, ಸರ್ಕಾರದ ಮುದ್ರೆ ಒತ್ತಿ ಒಳಗಿಡುತ್ತಿದ್ದರು. ಆಮೇಲೆ ಗಾಡಿಗಟ್ಟಲೆ ಬರುವುದನ್ನೆಲ್ಲ ಅದರ ಪಕ್ಕದಲ್ಲಿಟ್ಟು ಹೋಲಿಸಬೇಕು. ಮಾದರಿಯನ್ನು ಯಾರೂ ಬಳಸುವಂತಿಲ್ಲ, ಬೀರುವಿನಿಂದ ಆಚೆ ಒಯ್ಯುವಂತಿಲ್ಲ. ಮಾದರಿಯೇ ಇಲ್ಲದ ಸಾಮಾನನ್ನು ಪಾಸ್ ಮಾಡುವಂತಿಲ್ಲ. ಈ ಕೊನೆಯ ನಿಯಮವನ್ನು ಓದುಗರು ನೆನಪಿಟ್ಟುಕೊಳ್ಳಬೇಕಾಗಿ ವಿನಂತಿ. ಮುಂದೆ ಒಬ್ಬ ಹುಡುಗಿಯ ದಾರಿಗೆ ಅದು ಅಡ್ಡ ಬರುತ್ತದೆ.

ಅದಕ್ಕೆ ಮೊದಲು ಸೂರತ್. ಆ ಊರಿನ ಉಧ್ನಾದಲ್ಲಿ ಛೋಟುಭಾಯಿ ಎಂಬುವವರ ಹೊಲಿಗೆ ಕಾರ್ಖಾನೆ ಇತ್ತು. ಡೇರೆಗಳನ್ನೂ ಚೀಲಗಳನ್ನೂ ಹೊಲಿಸುತ್ತಿದ್ದರು. ಹೆಸರಿಗೆ ಮಾತ್ರ ಛೋಟು. ಬಾಗಿಲಿನಲ್ಲಿ ಅವರು ನಿಂತರೆ ಒಳಗೆ ಬೆಳಕು ಕಡಿಮೆಯಾಗುತ್ತಿತ್ತು. ಅವರ ಡೇರೆಗಳ ಪರೀಕ್ಷೆ ನನ್ನ ಮೊದಲ ಸ್ವತಂತ್ರ ಕೆಲಸ. ಡೇರೆ ಎತ್ತಿ ನಿಲ್ಲಿಸಿ, ಮೇಲೆ ನೀರು ಸುರಿಸಿ, ನಾನು ಒಳಗೆ ಕೂತೆ. ನೀರು ಬರುತ್ತಿದೆಯೇ ಎಂದು ತಿಳಿಯಲು ಶ್ರದ್ಧೆಯಿಂದ ಛಾವಣಿಯನ್ನು ಅಲ್ಲಲ್ಲಿ ಬೆರಳಿನಿಂದ ಮುಟ್ಟಿ ನೋಡಿದೆ. ಮುಟ್ಟಿದಲ್ಲೆಲ್ಲ ಸೋರಿತು. ಇಡೀ ಸರಕನ್ನು ತಿರಸ್ಕರಿಸಿದೆ.

ಛೋಟುಭಾಯಿ ಅಹಮದಾಬಾದಿಗೆ ಬಂದು ದೂರಿದರು. ಮಿಸ್ತ್ರಿ ಸಾಹೇಬರು ನನ್ನೊಂದಿಗೆ ಸೂರತ್ತಿಗೆ ಬಂದು ಅದೇ ಡೇರೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಹೊರಗೆ ಪೀಪಾಯಿಗಟ್ಟಲೆ ನೀರು ಸುರಿದರು. ಸಾಹೇಬರ ಪ್ಯಾಂಟಿನ ಮೇಲೆ ಒಂದು ಹನಿ ಬೀಳಲಿಲ್ಲ. ನಾನು ನಡೆದದ್ದನ್ನು ವಿವರಿಸಲು ಬೆರಳು ಎತ್ತಿ ಛಾವಣಿಗೆ ತಾಗಿಸಿದೆ. ಅಲ್ಲಿಂದ ತೊಟ್ಟಿಕ್ಕಿತು.

"ನೆಂದ ಕ್ಯಾನ್ವಾಸಿನ ನೂಲು ಉಬ್ಬಿ ನೀರನ್ನು ತಡೆದು ನಿಂತಿರುತ್ತೆ, ದೀಕ್ರಾ" ಎಂದರು ಸಾಹೇಬರು. "ನೀನು ಮುಟ್ಟಿದರೆ ನೀರಿಗೆ ದಾರಿ ತೋರಿಸಿದ ಹಾಗೆ. ಡೇರೆಗೆ ಕಚಗುಳಿ ಇಡು ಅಂತ ನಿನಗೆ ಯಾರು ಹೇಳಿದ್ದು?"

ಛೋಟುಭಾಯಿ ಸೇಡು ತೀರಿಸಿಕೊಂಡದ್ದು ಊಟದಲ್ಲಿ. ಆ ಮಧ್ಯಾಹ್ನ ಬಡಿಸಿದ ಉಂಧಿಯು ಎಂಬ ತರಕಾರಿ ಪಲ್ಯವನ್ನೂ ತುಪ್ಪದ ಘಾರಿ ಎಂಬ ಸಿಹಿಯನ್ನೂ ತಿಂದ ನನ್ನನ್ನು ಎಬ್ಬಿಸಿ ನಿಲ್ಲಿಸಲು ಇಬ್ಬರು ಬೇಕಾದರು. ಅಂದಿನಿಂದ ಅವರ ಕಾರ್ಖಾನೆಯಲ್ಲಿ ನನ್ನ ಹೆಸರು 'ಆಂಗಳಿವಾಲಾ ಸಾಹೇಬ್', ಬೆರಳಿನ ಸಾಹೇಬ. ಆ ಬಿರುದಿನ ಉಪಕಾರ ದೊಡ್ಡದು. ಆಮೇಲೆ ಯಾವ ಸಾಮಾನನ್ನು ತಿರಸ್ಕರಿಸುವ ಮುನ್ನವೂ, ತಪ್ಪು ಸಾಮಾನಿನದೋ ಪರೀಕ್ಷೆಯದೋ ಎಂದು ಒಮ್ಮೆ ಕೇಳಿಕೊಳ್ಳುವ ಅಭ್ಯಾಸವಾಯಿತು.

ಮನೆಯಲ್ಲಿ ನನ್ನ ಹೆಂಡತಿ ಪದ್ಮಾ ಇನ್ನೊಂದು ತಪಾಸಣೆ ಕಚೇರಿ ನಡೆಸುತ್ತಿದ್ದಳು. ಮಾದರಿಗಳ ಕಥೆ ಕೇಳಿದ ವಾರದಲ್ಲೇ ಅವಳೂ ಶುರುಮಾಡಿದಳು. ತಾಯಿ ಕೊಟ್ಟಿದ್ದ ಒಂದು ತಾಮ್ರದ ಚೊಂಬಿಗೆ ಅರಿಸಿನದ ದಾರ ಕಟ್ಟಿ, ಪಾರ್ಸೆಲ್ಲಿಗೆ ಹಾಕುವ ಕೆಂಪು ಅರಗು ಸುರಿದು, ಮುದ್ರೆ ಬೇಕಲ್ಲ, ಕುಂಕುಮದ ಭರಣಿಯ ತಳ ಒತ್ತಿದಳು. ಭರಣಿಯ ತಳದಲ್ಲಿ ಒಂದು ಹೂವಿತ್ತು. ಅಂಗಡಿಯವನು ತಂದ ಪಾತ್ರೆ ಆ ಚೊಂಬಿನ ಪಕ್ಕ ನಿಂತು ಉತ್ತರ ಕೊಡಬೇಕಾಗಿತ್ತು.

"ನಿಮ್ಮ ಮೊಹರಲ್ಲಿ ಸಿಂಹ ಇದೆ, ನಮ್ಮದ್ರಲ್ಲಿ ಹೂ. ಆದ್ರೆ ನಮ್ಮ ಬೀರುಗೆ ಬೀಗ ಇಲ್ಲ ನೋಡ್ರಿ" ಎನ್ನುತ್ತಿದ್ದಳು.

ಸುದ್ದಿ ಹರಡಿತು. ಅಹಮದಾಬಾದಿನ ಕನ್ನಡದ ಮನೆಗಳವರು, ಬ್ಯಾಂಕಿನವರು, ವಿಮೆಯವರು, ಸಂಶೋಧನಾಲಯದವರು, ಭಾನುವಾರ ಸಂಜೆ ಹೊಸ ಬತ್ತಿ ಸ್ಟೌ, ಫ್ಲಾಸ್ಕು, ಛತ್ರಿ ಹಿಡಿದು ಬರತೊಡಗಿದರು. ನಾನು ಹೊರಗೆ ಜಗಲಿಯಲ್ಲಿ ಒಳಹೊರಗು ಮಾಡಿ ನೋಡುವುದು, ಒಳ್ಳೆಯದಾದರೆ ಪದ್ಮಾ ಒಳಗಿಂದ ಬಂದು ಹೂವಿನ ಮೊಹರು ಒತ್ತುವುದು. ಹತ್ತಕ್ಕೆ ಒಂಬತ್ತು ಸಾಮಾನುಗಳು ಮೊಹರಿಲ್ಲದೆ ಹಿಂತಿರುಗುತ್ತಿದ್ದವು. ಬಂದವರು ಕಾಫಿ ಕುಡಿದು ದುಃಖಿತರಾಗಿ ಹೋಗುತ್ತಿದ್ದರು. ನಾನು ಯಾವುದನ್ನೂ ಪಾಸ್ ಮಾಡುವುದಿಲ್ಲ ಎಂಬ ಕೀರ್ತಿ ರೈಲಿನಲ್ಲಿ ಬರೋಡಾ ಮುಟ್ಟಿದ್ದು ಹೀಗೆ.

ಬರೋಡಾದಲ್ಲಿ ನಮ್ಮ ಕುಲಕರ್ಣಿಯವರಿದ್ದರು. ಧಾರವಾಡದವರು, ರೈಲ್ವೆಯ ಉಗ್ರಾಣ ವಿಭಾಗದ ಅಧಿಕಾರಿ. ಅಲ್ಕಾಪುರಿಯಲ್ಲಿ ಸ್ಟೇಷನ್ನಿಗೆ ಹತ್ತಿರ ಬಾಡಿಗೆ ಮನೆ. ಸೂರತ್ತಿಗೆ ಹೋಗಿಬರುವಾಗ ಅವರಲ್ಲಿ ಇಳಿದು, ಅವರ ಹೆಂಡತಿ ತಟ್ಟುವ ಜೋಳದ ರೊಟ್ಟಿ ತಿನ್ನುವುದು ನನ್ನ ಪ್ರವಾಸ ಕಾರ್ಯಕ್ರಮದ ಅಧಿಕೃತವಲ್ಲದ ಭಾಗ. ಅವರ ಒಬ್ಬಳೇ ಮಗಳು ವಿಜಯಾ ಅಲ್ಲಿಯೇ ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದಳು. ಗುಜರಾತಿನಲ್ಲೇ ಬೆಳೆದವಳು, ಕನ್ನಡ ಮಾತಾಡುವಾಗ ಹೊಸ ಚಪ್ಪಲಿ ಹಾಕಿದವರ ಹಾಗೆ ನಡೆಯುತ್ತಿದ್ದಳು.

ಒಂದು ಸಲ ನಾನು ಹೋದಾಗ ಮನೆ ಬಿಗಿದುಕೊಂಡಿತ್ತು. ಆಬೂ ಬೆಟ್ಟದಲ್ಲಿ ಬಂಡೆ ಹತ್ತುವುದನ್ನು ಕಲಿಸುವ ಶಿಬಿರ, ಕಾಲೇಜಿನಿಂದ ವಿಜಯಾ ಆಯ್ಕೆಯಾಗಿದ್ದಾಳೆ, ಕಳಿಸುವುದಿಲ್ಲ ಎಂದು ಕುಲಕರ್ಣಿಯವರು, ಹೋಗಿಯೇ ಹೋಗುತ್ತೇನೆ ಎಂದು ಅವಳು. ಹಗ್ಗಗಳನ್ನು ಶಿಬಿರದವರೇ ಕೊಡುತ್ತಾರೆ. ಬೆನ್ನುಚೀಲ, ಬೂಟು, ನೀರಿನ ಬಾಟಲಿ, ಹೊದಿಕೆಗಳನ್ನು ತಾವೇ ತರಬೇಕು. ನನ್ನನ್ನು ಕಂಡ ಕೂಡಲೇ ಕುಲಕರ್ಣಿಯವರ ಮುಖ ಅರಳಿತು.

"ನೋಡವಾ ವಿಜಿ, ನಾ ಬ್ಯಾಡ ಅನ್ನೂದಿಲ್ಲ. ರಾಯರು ನಿನ್ನ ಸಾಮಾನೆಲ್ಲಾ ನೋಡಿ ಪಾಸ್ ಮಾಡಿ ಮೊಹರು ಹಾಕಲಿ. ಹಾಕಿದ್ರ ಹೋಗು. ಇಲ್ಲಾಂದ್ರ ಇಲ್ಲ. ಆತಿಲ್ಲೋ?"

"ಪಕ್ಕಾ, ಅಪ್ಪಾ?"

"ಪಕ್ಕಾ."

ನನ್ನನ್ನು ರೈಲು ಹತ್ತಿಸಲು ಬಂದಾಗ ಅವರು ಪ್ಲಾಟ್‌ಫಾರ್ಮಿನಲ್ಲಿ ತೋಳು ಹಿಡಿದು ತಗ್ಗಿದ ದನಿಯಲ್ಲಿ ಹೇಳಿದರು: "ರಾಯರ, ನಿಮಗ ಸುಳ್ಳು ಹೇಳ್ರಿ ಅಂತ ನಾ ಹೇಳೂದಿಲ್ಲ. ನೀವು ಯಾವಾಗಲೂ ಮಾಡೂದನ್ನ ಮಾಡ್ರಿ, ಸಾಕು."

ನನ್ನ ಕಟ್ಟುನಿಟ್ಟಿಗೆ ಅಷ್ಟು ದೊಡ್ಡ ಗೌರವ ಅದುವರೆಗೆ ಯಾರೂ ಕೊಟ್ಟಿರಲಿಲ್ಲ. ಅಹಮದಾಬಾದ್ ಬರುವವರೆಗೂ ಅದು ಎದೆಯ ಮೇಲೆ ಕೂತಿತ್ತು.

ಬಾಟಲಿ, ಬೂಟು, ಹೊದಿಕೆಗಳು ಒಂದೆರಡು ತಿರಸ್ಕಾರದ ನಂತರ ದಾರಿಗೆ ಬಂದವು. ಬೂಟನ್ನು ನೀರಲ್ಲಿ ನೆನೆಸಿ, ಹಾಕಿಕೊಂಡು, ಕಾಲಲ್ಲೇ ಒಣಗುವವರೆಗೆ ನಡೆಯಬೇಕೆಂದು ಹೇಳಿದ್ದೆ. ಅವಳು ಕಾಲೇಜಿಗೆ ಸೀರೆಯ ಕೆಳಗೆ ಅದನ್ನೇ ಹಾಕಿಕೊಂಡು ಹೋದಳು. ತೊಂದರೆ ಬೆನ್ನುಚೀಲದ್ದು. ಆ ಕಾಲದ ಒಳ್ಳೆಯ ಚೀಲಗಳಿಗೆಲ್ಲ ಬೆನ್ನಿಗೆ ಒಂದು ಲೋಹದ ಚೌಕಟ್ಟು. ಚೌಕಟ್ಟು ಗಂಡಸಿನ ಬೆನ್ನಿನ ಉದ್ದಕ್ಕೆ. ವಿಜಯಾ ಹಾಕಿಕೊಂಡರೆ ಅದರ ಕೆಳಗಿನ ಸರಳು ಹೆಜ್ಜೆಹೆಜ್ಜೆಗೂ ಸೊಂಟದ ಮೂಳೆಗೆ ಬಡಿಯುತ್ತಿತ್ತು. ನಮ್ಮ ಬೀರುವಿನಲ್ಲಿದ್ದ ಮಾದರಿಯೂ ಅದೇ ಅಳತೆ. ಹೆಂಗಸೊಬ್ಬಳು ಬೆಟ್ಟ ಹತ್ತಿಯಾಳು ಎಂದು ಬೀರುವಿಗೆ ಹೊಳೆದಿರಲಿಲ್ಲ.

ಕುಲಕರ್ಣಿಯವರ ಹೆಂಡತಿ ದಾರ ತಂದು, ಮಗಳ ಕುತ್ತಿಗೆಯ ಬುಡದಿಂದ ಸೊಂಟದವರೆಗೆ ಹಿಡಿದು, ಗಂಟು ಹಾಕಿ ನನ್ನ ಕೈಗೆ ಕೊಟ್ಟರು. ಆ ಮನೆಯಲ್ಲಿ ಯಾರು ಯಾರ ಕಡೆ ಎಂಬುದು ನನಗೆ ಆಗ ತಿಳಿಯಿತು.

ಉಧ್ನಾದಲ್ಲಿ ಛೋಟುಭಾಯಿ ಆ ದಾರವನ್ನು ಬೆಳಕಿಗೆ ಹಿಡಿದು ನೋಡಿದರು. "ಇದು ಹುಡುಗಿಯ ಬೆನ್ನೇ? ಬೆರಳಲ್ಲಿ ಅಳೆದಿಲ್ಲ ತಾನೇ ಸಾಹೇಬ್?"

"ತಾಯಿ ಅಳೆದದ್ದು."

"ಹಾಗಾದರೆ ಸರಿ ಇರುತ್ತೆ" ಎಂದು ಕತ್ತರಿಗೆ ಕೂಗಿದರು.

ಹೊಸ ಚೀಲದ ಮೊದಲ ಪರೀಕ್ಷೆ ಅಲ್ಕಾಪುರಿಯ ಮನೆಯಲ್ಲೇ ಆಯಿತು. ಗುಜರಾತಿನ ಮನೆಗಳಲ್ಲಿ ಉಯ್ಯಾಲೆ ಇಲ್ಲದ ಪಡಸಾಲೆ ಇಲ್ಲ. ಹಲಗೆ ಇಳಿಸಿ, ಅದರ ಕೊಕ್ಕೆಗೆ ಚೀಲದ ಭುಜದ ಪಟ್ಟಿಗಳನ್ನು ಸಿಕ್ಕಿಸಿ, ಒಳಗೆ ಒದ್ದೆ ಮರಳು ತುಂಬಿ, ತೂಗಿ ತೂಗಿ ಬಿಟ್ಟೆವು. ಚೀಲ ತಡೆಯಿತು. ಕುಲಕರ್ಣಿಯವರು ಒಳಗೆ ಹೋಗಿ ಒರಳುಕಲ್ಲಿನ ಗುಂಡನ್ನು ತಂದು ಮರಳಿನ ಮೇಲಿಟ್ಟರು. ಚೀಲ ತಡೆಯಿತು. ಆಮೇಲೆ ಆ ದೊಡ್ಡ ಮನುಷ್ಯ ಏನೂ ಆಗದವರಂತೆ ಬಂದು ಚೀಲವನ್ನು ಎರಡೂ ಕೈಯಿಂದ ಅಪ್ಪಿ ಜೋತುಬಿದ್ದರು.

"ಇದೇನ್ರಿ ಇದು, ಇಳೀರಿ ಕೆಳಗ" ಎಂದರು ಹೆಂಡತಿ. "ಹುಡುಗಿ ಹೊರೂದು ಚೀಲಾನ್ನೋ, ನಿಮ್ಮನ್ನೋ?"

ಅಷ್ಟರಲ್ಲಿ ಪರ್ ಎಂದು ಒಂದು ಪಟ್ಟಿ ಕಿತ್ತು ಬಂತು. ಮರಳು, ಗುಂಡು, ಕುಲಕರ್ಣಿ, ಈ ಕ್ರಮದಲ್ಲಿ ನೆಲಕ್ಕೆ ಬಂದರು. ಮೈ ಕೊಡವಿಕೊಂಡು ಎದ್ದ ಅವರ ಮುಖದಲ್ಲಿದ್ದ ತೃಪ್ತಿಯನ್ನು ನಾನು ಮರೆತಿಲ್ಲ.

"ಪಾಸೋ, ನಾಪಾಸೋ, ರಾಯರ?"

ಅನ್ಯಾಯದ ಭಾರ ಎನ್ನಬಹುದಾಗಿತ್ತು. ಆದರೆ ಕಿತ್ತ ಜಾಗವನ್ನು ಬಗ್ಗಿ ನೋಡಿದೆ. ಪಟ್ಟಿ ಚೀಲವನ್ನು ಸೇರುವಲ್ಲಿ ಒಂದೇ ಸಾಲಿನ ಹೊಲಿಗೆ, ಕೆಳಗೆ ಆಸರೆಗೆ ಏನೂ ಇಲ್ಲ. ಇವತ್ತು ಕುಲಕರ್ಣಿಯವರಿಗೆ ಕಿತ್ತದ್ದು ತಿಂಗಳ ನಂತರ ಬರೇ ನಡಿಗೆಗೂ ಕೀಳುತ್ತಿತ್ತು. ಬೆರಳಿನ ಸಾಹೇಬ ಎರಡು ಸಲ ಯೋಚಿಸಿ, "ನಾಪಾಸು" ಎಂದ.

ವಿಜಯಾ ಅಳುತ್ತಾಳೆಂದುಕೊಂಡಿದ್ದೆ. ಅವಳು ಬಂದು ನನ್ನ ಪಕ್ಕ ಮರಳಿನಲ್ಲಿ ಮಂಡಿಯೂರಿದಳು.

"ರಾವ್ ಕಾಕಾ, ಇದು ಬರೋಬ್ಬರ್ ಇಲ್ಲೇ ಯಾಕ ಹರೀತು?"

ಅಷ್ಟು ವರ್ಷಗಳಲ್ಲಿ ತಿರಸ್ಕರಿಸಿದ ಸಾಮಾನಿನವರು ನನ್ನನ್ನು ಏನೇನೋ ಕೇಳಿದ್ದರು. ಈ ಪ್ರಶ್ನೆ ಕೇಳಿದವರಿರಲಿಲ್ಲ. ಚೀಲವನ್ನು ಒಳಹೊರಗು ಮಾಡಿ ತೋರಿಸಿದೆ: ಒಳಗೆ ಒಂದು ತೊಗಲಿನ ತುಂಡು ಇಡಬೇಕು, ಹೊಲಿಗೆ ಚೌಕವಾಗಿ ಹಾಕಿ ನಡುವೆ ಅಡ್ಡಡ್ಡ ಎಳೆಯಬೇಕು, ದಾರಕ್ಕೆ ಮೇಣ ಉಜ್ಜಬೇಕು. ಅವಳು ತಲೆಯಾಡಿಸಿದಳು. ಮುಂದಿನ ರಜೆಯ ದಿನ ತಾಯಿಯನ್ನು ಕರೆದುಕೊಂಡು ಉಧ್ನಾಕ್ಕೇ ಹೋಗಿ, ಪಕ್ಕದಲ್ಲಿ ನಿಂತು ಹೊಲಿಸಿಕೊಂಡು ಬಂದಳು. ಛೋಟುಭಾಯಿ ನನಗೆ ದೂರು ಹೇಳಿದರು: "ಸಾಹೇಬ್, ನಿಮಗಿಂತ ಕಷ್ಟ ಅವಳು. ನೀವು ಹೊಲಿದ ಮೇಲೆ ಬರ್ತೀರಿ. ಅವಳು ಸೂಜಿ ಚುಚ್ಚುವಾಗಲೇ ಇರ್ತಾಳೆ."

ಎರಡನೆಯ ಪರೀಕ್ಷೆಯಲ್ಲಿ ಮರಳು ಬಂತು, ಗುಂಡು ಬಂತು, ಕುಲಕರ್ಣಿಯವರೂ ಬಂದು ಜೋತುಬಿದ್ದರು. ಉಯ್ಯಾಲೆಯ ಕೊಕ್ಕೆ ಕಿರುಗುಟ್ಟಿತು, ಚೀಲ ಸುಮ್ಮನಿತ್ತು. ಇಳಿಸಿ ಒಳಗಡೆ ನೋಡಿದೆ. ಒಂದು ಎಳೆಯೂ ಮಿಸುಕಿರಲಿಲ್ಲ. "ಪಾಸ್" ಎನ್ನಲು ಬಾಯಿ ತೆರೆದೆ.

"ತಡೀರಿ" ಎಂದರು ಕುಲಕರ್ಣಿಯವರು. ಉಸಿರು ಹತ್ತಿತ್ತು, ಆದರೆ ಅವರು ಉಗ್ರಾಣದ ಮನುಷ್ಯ. ನಿಯಮಗಳನ್ನು ನನ್ನಷ್ಟೇ ಬಲ್ಲವರು. "ಯಾವುದಕ್ಕ ಹೋಲಿಸಿ ಪಾಸ್ ಮಾಡ್ತೀರಿ? ಈ ಅಳತೀದು ಮೊಹರು ಹಾಕಿದ ಮಾದರಿ ಎಲ್ಲದ? ಮಾದರಿ ಇಲ್ಲದ ಸಾಮಾನು ಪಾಸ್ ಮಾಡೂ ಹಂಗಿಲ್ಲ. ನಿಮ್ಮಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ."

ವಿಜಯಾ ನನ್ನನ್ನು ನೋಡಿದಳು. ಅವಳ ಶಿಬಿರಕ್ಕೆ ಇನ್ನು ಕೆಲವೇ ದಿನ. ಚೀಲವನ್ನು ಎತ್ತಿಕೊಂಡು ಅಹಮದಾಬಾದಿನ ರೈಲು ಹತ್ತಿದೆ.

ಮಿಸ್ತ್ರಿ ಸಾಹೇಬರು ಕಥೆಯನ್ನು ಪೂರ್ತಿ ಕೇಳಿ, ಏಲಕ್ಕಿಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿಸಿ, ಚೀಲವನ್ನು ಒಳಹೊರಗು ಮಾಡಿ ಹೊಲಿಗೆಯ ಮೇಲೆ ಹೆಬ್ಬೆರಳು ಎಳೆದರು. ಹೋಗಿ ಬೀರು ತೆರೆದರು. ಹಿಂದಿನ ಮೂಲೆಯಿಂದ, ಉಣ್ಣೆ ಬಟ್ಟೆಯ ಹೊದಿಕೆಯಿದ್ದ ಹಳೆಯ ನೀರಿನ ಬಾಟಲಿಯೊಂದನ್ನು ತೆಗೆದು ನನ್ನ ಮುಂದಿಟ್ಟರು. ಅರಗು ಕಪ್ಪಾಗಿತ್ತು. ಆ ಬೀರುವಿನ ಮೊಟ್ಟಮೊದಲ ಮಾದರಿ ಅದು, ಅವರೇ ಇಟ್ಟದ್ದು ಎಂದು ಎಲ್ಲರಿಗೂ ಗೊತ್ತಿತ್ತು.

"ಇದನ್ನು ಪಾಸ್ ಮಾಡಿದಾಗ ನನಗೆ ನಿನ್ನ ವಯಸ್ಸು. ಯಾವುದಕ್ಕೆ ಹೋಲಿಸಿ ಪಾಸ್ ಮಾಡಿದೆ ಹೇಳು?"

ನಾನು ಬಾಟಲಿಯನ್ನು ತಿರುಗಿಸಿ ನೋಡಿದೆ.

"ಬೀರು ಖಾಲಿ ಇತ್ತು, ದೀಕ್ರಾ. ಮೊದಲನೆಯದಕ್ಕೆ ಮಾದರಿ ಎಲ್ಲಿಂದ ಬರಬೇಕು? ಅದಕ್ಕೇ ತಪಾಸಣೆಗೆ ಮನುಷ್ಯರನ್ನು ಇಟ್ಟಿದ್ದಾರೆ. ಹೋಲಿಸಿ ನೋಡುವುದಷ್ಟೇ ಆಗಿದ್ದರೆ ತಕ್ಕಡಿ ಸಾಕಿತ್ತು." ಬಾಟಲಿಯನ್ನು ಮೂಲೆಗೆ ಸೇರಿಸಿ ಬೀಗ ಹಾಕಿದರು. "ಆದರೆ ಹುಡುಗಿಯ ಸ್ವಂತ ಚೀಲಕ್ಕೆ ಸರ್ಕಾರದ ಸಿಂಹ ಒತ್ತಿದರೆ ನಿನ್ನ ಕಿವಿ ಹಿಂಡ್ತೀನಿ."

ಸಿಂಹ ಬೇಕಾಗಲಿಲ್ಲ. ಶನಿವಾರ ಪದ್ಮಾ ಅರಿಸಿನದ ದಾರ, ಅರಗು, ಕುಂಕುಮದ ಭರಣಿ ಸಮೇತ ನನ್ನೊಂದಿಗೆ ಬರೋಡಾಕ್ಕೆ ಹೊರಟಳು. ಸಾಹೇಬರು ಹೇಳಿದ್ದನ್ನು ಕುಲಕರ್ಣಿಯವರ ಪಡಸಾಲೆಯಲ್ಲಿ ಹಾಗೆಯೇ ಒಪ್ಪಿಸಿದೆ. ಅವರು ಉಯ್ಯಾಲೆಯ ಮೇಲೆ ಕೂತು ಬಹಳ ಹೊತ್ತು ಕಾಲಿನಿಂದ ನೆಲವನ್ನು ಮೆಲ್ಲಗೆ ತಳ್ಳುತ್ತಿದ್ದರು.

"ಬಂಡೆಗಲ್ಲು, ರಾಯರ" ಎಂದರು ಕೊನೆಗೆ. ಆ ದನಿಯಲ್ಲಿ ಉಗ್ರಾಣದ ಅಧಿಕಾರಿ ಇರಲಿಲ್ಲ. "ಒಬ್ಬಾಕಿ ಮಗಳು. ಕೈ ಜಾರಿದ್ರ ನಿಮ್ಮ ಮೊಹರು ಹಿಡೀತದೇನು?"

"ಹಿಡಿಯೋದಿಲ್ಲ" ಎಂದೆ. "ಬೀಳೋದನ್ನ ತಡೆಯೋಕೆ ಅಲ್ಲಿ ಹಗ್ಗ ಇದೆ, ಕಲಿಸೋರು ಇದ್ದಾರೆ. ಅವರ ಕೆಲಸಕ್ಕೆ ನಾನು ಮೊಹರು ಹಾಕೋಕಾಗಲ್ಲ. ಈ ಚೀಲ ದಾರಿಯಲ್ಲಿ ಕೈ ಕೊಡೋದಿಲ್ಲ ಅನ್ನೋದಕ್ಕೆ ಮಾತ್ರ ನಾನು ಜವಾಬ್ದಾರ. ಇನ್ನೊಂದು ನೋಡಿದೀನಿ. ಹರಿದಾಗ ಯಾಕೆ ಹರೀತು ಅಂತ ಕೇಳೋ ಹುಡುಗಿ ಇವಳು. ಅಂಥವರು ಕಾಲಿಡೋ ಮುಂಚೆ ಕಲ್ಲನ್ನೂ ಕೇಳ್ತಾರೆ."

ಅವರು ಮಗಳ ಕಡೆ ನೋಡಲಿಲ್ಲ. ಪದ್ಮಾ ಕಡೆ ತಿರುಗಿ, "ಹಾಕ್ರಿ ವೈನೀ, ನಿಮ್ಮ ಹೂವು" ಎಂದರು.

ವಿಜಯಾ ಶಿಬಿರದಿಂದ ಬಿಸಿಲಿಗೆ ಮೂಗಿನ ಸಿಪ್ಪೆ ಸುಲಿದುಕೊಂಡು, ಮೊಣಕೈ ತರಚಿಕೊಂಡು, ಎರಡು ಪಾಲು ಜೋರಾದ ಧ್ವನಿಯಲ್ಲಿ ಹಿಂದಿರುಗಿದಳು. ಚೀಲದ ಬಣ್ಣ ಹೋಗಿತ್ತು. ಹೊಲಿಗೆ ಹೋಗಿರಲಿಲ್ಲ. ಮುಂದೆ ಅವಳು ಇನ್ನೂ ಎತ್ತರದ ಬೆಟ್ಟಗಳಿಗೆ ಹೋದಳು. ಅದನ್ನು ಅವಳೇ ಬರೆಯಲಿ. ನನಗೆ ಹೇಳಬೇಕಾದದ್ದು ಇನ್ನೊಂದೇ ಇದೆ.

ಕೆಲವು ವರ್ಷಗಳ ನಂತರ, ಸೂರತ್ತಿನಲ್ಲಿದ್ದ ಒಬ್ಬ ಬ್ಯಾಂಕಿನ ಕನ್ನಡಿಗರ ಮಗಳು ಅದೇ ಶಿಬಿರಕ್ಕೆ ಹೊರಟಳು. ಛೋಟುಭಾಯಿಯಿಂದ ಚೀಲ ಹೊಲಿಸಿದ್ದರು. ಧೈರ್ಯ ಸಾಲದೆ ಅದನ್ನು ನನಗೆ ತೋರಿಸಲು ಅಹಮದಾಬಾದಿಗೆ ಹೊರಟಿದ್ದ ತಂದೆಯನ್ನು, ಸುದ್ದಿ ತಿಳಿದ ಕುಲಕರ್ಣಿಯವರು ಬರೋಡಾ ಸ್ಟೇಷನ್ನಿನಲ್ಲೇ ಇಳಿಸಿಕೊಂಡಿದ್ದರು. ಅಂದು ಸೂರತ್ತಿನಿಂದ ಹಿಂದಿರುಗುತ್ತ ನಾನೂ ಅವರ ಮನೆ ಹೊಕ್ಕೆ. ಪಡಸಾಲೆಯಲ್ಲಿ ಬ್ಯಾಂಕಿನವರು ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

"ರಾಯರನ್ನ ಯಾಕ ತ್ರಾಸ ಕೊಡ್ತೀರಿ?" ಎನ್ನುತ್ತಿದ್ದರು ಕುಲಕರ್ಣಿಯವರು. "ಮಾದರಿ ನನ್ನ ಹತ್ರ ಅದ."

ಸೊಂಟದಿಂದ ಬೀಗದಕೈ ತೆಗೆದು ಬೀರು ತೆರೆದರು. ಮೇಲಿನ ಅರೆಯಲ್ಲಿ, ಬಿಳಿಯ ಪಂಚೆಯ ಮೇಲೆ, ವಿಜಯಾಳ ಬಣ್ಣಗೆಟ್ಟ ಚೀಲ ಕೂತಿತ್ತು. ದಾರ ಹಾಗೇ ಇತ್ತು. ಅರಗಿನ ಹೂವಿನ ಒಂದು ದಳ ಮಾತ್ರ ಮುರಿದಿತ್ತು.

"ಮತ್ತೆ ವಿಜಯಾ ಏನು ತಗೊಂಡು ಹೋಗ್ತಾಳೆ?" ಎಂದೆ.

"ಆಕಿ ಇನ್ನೊಂದು ಹೊಲಿಸಿಕೊಂಡಾಳ. ಮೊಹರು ಹಾಕಿದ ಮಾದರಿ ಬಳಸಲಿಕ್ಕೆ ಕೊಡೂ ಹಂಗಿಲ್ಲಲ್ರೀ. ನಿಮ್ಮದ ನಿಯಮ."

ಹಳೆಯ ಚೀಲವನ್ನು ಎರಡು ಕೈಯಲ್ಲಿ ಇಳಿಸಿ ಹಲಗೆಯ ಮೇಲಿಟ್ಟರು. ಬ್ಯಾಂಕಿನವರ ಮಡಿಲಿನಿಂದ ಹೊಸದನ್ನು ತೆಗೆದುಕೊಂಡರು. ಅದರ ಹೊರಮೈಯನ್ನು ಅವರು ನೋಡಲೇ ಇಲ್ಲ. ಕೈ ಒಳಗೆ ಹಾಕಿ, ಒಂದೇ ಎಳೆತಕ್ಕೆ ಒಳಹೊರಗು ಮಾಡಿ, ಕನ್ನಡಕ ಏರಿಸಿಕೊಂಡು, ಪಟ್ಟಿ ಸೇರುವ ಜಾಗಕ್ಕೆ ಬಗ್ಗಿದರು.